ಬಾಗಿಲ ಮೇಲಿನ ಕೆಂಪು ‘ಫು’: ನೆಟ್ಟಗೋ, ತಲೆಕೆಳಗೋ?

ಪ್ರಶ್ನೆ: ಆಫೀಸಿನ ಚೀನಿ ಸಹೋದ್ಯೋಗಿಯೊಬ್ಬರು ಕೆಂಪು ಚೌಕದ ಮೇಲೆ ಒಂದೇ ಒಂದು ಚೀನಿ ಅಕ್ಷರವಿರುವ ಕಾಗದ ಕೊಟ್ಟರು. ‘ಫು’ ಎಂದು ಓದಬೇಕಂತೆ. ಬಾಗಿಲಿಗೆ ಅಂಟಿಸಿದೆ. ನೋಡಿದವರೊಬ್ಬರು ಉಲ್ಟಾ ಆಗಿದೆ ಅಂದರು, ಇನ್ನೊಬ್ಬರು ಉಲ್ಟಾನೇ ಇರಬೇಕು ಅಂದರು. ಫೆಂಗ್ ಶೂಯಿ ಅಂಗಡಿಯವರು ಆಗ್ನೇಯ ಮೂಲೆಗೆ ಹಾಕಿ ಅನ್ನುತ್ತಾರೆ, ಪಕ್ಕದ ಮನೆಯವರು ಅದು ಬುದ್ಧನ ಹೆಸರು ಅನ್ನುತ್ತಾರೆ. ಇದರ ಅರ್ಥವೇನು, ಅಂಟಿಸುವುದು ಹೇಗೆ? ಮುಂದಿನ ಚೀನಿ ಹೊಸ ವರ್ಷಕ್ಕೆ ನಾನೇ ಬರೆದು ಅವರಿಗೆ ಕೊಟ್ಟರೆ ಸರಿಯಾಗುತ್ತದೆಯೇ?

ಉತ್ತರ: ಮೊದಲು ಅಕ್ಷರ ಹೇಗೆ ನಿಂತಿದೆ ಎಂದು ನೋಡಿಬಿಡೋಣ. ಅದಕ್ಕೆ ಚೀನಿ ಬರಬೇಕಿಲ್ಲ. ಅಕ್ಷರದೊಳಗೆ ನಾಲ್ಕು ಗಾಜಿನ ಕಿಟಕಿಯಂಥ ಆಕಾರವೊಂದಿದೆ, ಚೌಕದೊಳಗೆ ಕೂಡುವ ಚಿಹ್ನೆ ಇಟ್ಟ ಹಾಗೆ. ಈ ಕಿಟಕಿ ಕೆಳಗೆ ಬಲಕ್ಕಿದ್ದರೆ ಅಕ್ಷರ ನೆಟ್ಟಗಿದೆ. ಮೇಲೆ ಎಡಕ್ಕಿದ್ದರೆ ತಲೆಕೆಳಗು. ಕೆಳಗೆ ಎಡಕ್ಕಿದ್ದರೆ ಕನ್ನಡಿಯ ಬಿಂಬದಂತೆ ಮಗುಚಿದೆ ಎಂದರ್ಥ. ಕಾಗದ ಕತ್ತರಿಸಿ ಮಾಡಿದ ಚಿತ್ತಾರವನ್ನು ಹಿಂದುಮುಂದಾಗಿ ಅಂಟಿಸಿದಾಗ, ಗಾಜಿನ ಬಾಗಿಲಿನ ಸ್ಟಿಕ್ಕರನ್ನು ಆಚೆ ಬದಿಯಿಂದ ನೋಡಿದಾಗ ಹೀಗಾಗುತ್ತದೆ. ತಲೆಕೆಳಗಿಗೆ ಒಂದು ಅರ್ಥವಿದೆ. ಕನ್ನಡಿ ಬಿಂಬಕ್ಕೆ ಯಾವ ಅರ್ಥವೂ ಇಲ್ಲ, ಅದನ್ನು ತಿದ್ದಲೇಬೇಕು. ನಮ್ಮ ಕಡೆ ಆಗುವ ಇನ್ನೊಂದು ತಪ್ಪೆಂದರೆ ಕಾಗದವನ್ನು ಫೋಟೋದ ಹಾಗೆ ಚೌಕಾಕಾರದಲ್ಲೇ ಅಂಟಿಸುವುದು. ಇದನ್ನು ಮೂಲೆ ಮೇಲೆ ಬರುವಂತೆ, ಇಸ್ಪೀಟಿನ ಡೈಮಂಡ್ ಹಾಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಅಕ್ಷರ ಸೊಟ್ಟಗೆ ವಾಲಿಕೊಂಡು ನಿಲ್ಲುತ್ತದೆ.

ಈಗ ತಲೆಕೆಳಗಿನ ವಿಚಾರ. ಇದು ಪೂರ್ತಿಯಾಗಿ ಮಾತಿನ ಆಟ. ಬೀಜಿಂಗ್ ಕಡೆಯ ಚೀನಿಯಲ್ಲಿ ತಲೆಕೆಳಗಾಗುವುದಕ್ಕೆ ‘ದಾವ್’ ಎನ್ನುತ್ತಾರೆ, ಬಂದು ಸೇರುವುದಕ್ಕೂ ‘ದಾವ್’ ಎನ್ನುತ್ತಾರೆ. ಅಕ್ಷರ ಬೇರೆ, ಉಚ್ಚಾರ ಒಂದೇ. ಮನೆಗೆ ಬಂದ ಮಗುವೊಂದು “ನಿಮ್ಮ ಫು ತಲೆಕೆಳಗಾಗಿದೆ” ಎಂದರೆ “ನಿಮ್ಮ ಮನೆಗೆ ಫು ಬಂತು” ಎಂದೂ ಕೇಳಿಸುತ್ತದೆ. ನೋಡಿದವರ ಬಾಯಿಂದ ಆ ಮಾತು ಬರಲಿ ಎಂದೇ ತಿರುಗಿಸುವುದು. ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವ, ಬಳೆ ಒಡೆಯಿತೆನ್ನದೆ ‘ಹೆಚ್ಚಿತು’ ಎನ್ನುವ ನಮಗೆ ಇದು ವಿಚಿತ್ರ ಎನಿಸಬಾರದು. ಈ ರೂಢಿಗೆ ಓದುಬರಹ ಬಾರದ ಆಳೊಬ್ಬ ಅರಮನೆಯ ಬಾಗಿಲಿಗೆ ತಪ್ಪಾಗಿ ಅಂಟಿಸಿದ, ಮೇಲ್ವಿಚಾರಕ ಈ ಶ್ಲೇಷೆ ಹೇಳಿ ಅವನನ್ನು ಏಟಿನಿಂದ ಉಳಿಸಿದ ಎಂಬಂಥ ಕಥೆಗಳಿವೆ. ಕೇಳಲು ಚೆನ್ನ, ಇತಿಹಾಸ ಎಂದು ನಂಬಬೇಡಿ.

ಹಾಗೆಂದು ಎಲ್ಲ ಕಡೆ ತಿರುಗಿಸುವುದು ಸರಿಯಲ್ಲ. ಹಳೆಯ ಪದ್ಧತಿ ಗೊತ್ತಿದ್ದವರು ಮುಖ್ಯ ಬಾಗಿಲಿಗೆ ನೆಟ್ಟಗಿನ ಫು ಅನ್ನೇ ಹಾಕುತ್ತಾರೆ. ಮನೆಯ ಮುಖ ಅದು, ಅಲ್ಲಿ ತಮಾಷೆ ಬೇಡ ಎಂಬ ಭಾವ. ತಲೆಕೆಳಗಿನದು ಒಳಗಿನ ಬೀರು, ಅಕ್ಕಿ ಡಬ್ಬಿ, ನೀರಿನ ಹಂಡೆಗೆ. ವರ್ಷದ ಕೊನೆಯಲ್ಲಿ ಹಂಡೆಯ ನೀರು ಚೆಲ್ಲುವಾಗ, ಕಸ ಸುರಿಯುವಾಗ ಭಾಗ್ಯವೂ ಜೊತೆಗೆ ಹೋಗದಿರಲಿ ಎಂದು ಅಂಥ ಕಡೆ ತಿರುಗಿಸಿ ಅಂಟಿಸುತ್ತಿದ್ದರು. ಕ್ಯಾಂಟನೀಸ್ ಮಾತಾಡುವ ಹಾಂಗ್‌ಕಾಂಗ್ ಕಡೆಯ ಹಿರಿಯರಲ್ಲಿ ಹಲವರಿಗೆ ತಲೆಕೆಳಗಿನ ಫು ಹಿಡಿಸುವುದೇ ಇಲ್ಲ. ತಿರುಗಿಸುವುದನ್ನು ಹೇಳುವ ಅಕ್ಷರಕ್ಕೆ ‘ಸುರಿದುಬಿಡು’ ಎಂಬ ಅರ್ಥವೂ ಇದೆ, ಅವರಿಗೆ ಅದೇ ಮೊದಲು ಕಿವಿಗೆ ಬೀಳುತ್ತದೆ. ಆದ್ದರಿಂದ ನಿಮ್ಮ ಬಾಗಿಲಿನದನ್ನು ನೆಟ್ಟಗೆ ಮಾಡಿ, ಒಳಗೆ ಇನ್ನೊಂದು ಬೇಕಿದ್ದರೆ ತಿರುಗಿಸಿ ಹಾಕಿ.

ಅರ್ಥಕ್ಕೆ ಬರೋಣ. ಇಂಗ್ಲಿಷ್ ಮೂಲಕ ಬಂದವರು ಇದನ್ನು ‘ಲಕ್’ ಎಂದು ಹೇಳಿಬಿಡುತ್ತಾರೆ, ಅಂಗಡಿಯವರು ಅದನ್ನೇ ‘ಅದೃಷ್ಟ’ ಮಾಡುತ್ತಾರೆ. ಲಾಟರಿ ಹೊಡೆಯುವ ಅದೃಷ್ಟಕ್ಕೆ ಚೀನಿಯಲ್ಲಿ ಬೇರೆ ಮಾತಿದೆ, ‘ಯುನ್’. ಫು ಅದಲ್ಲ. ಕನ್ನಡದಲ್ಲಿ ಹತ್ತಿರದ ಪದ ‘ಭಾಗ್ಯ’, ಅದಕ್ಕೆ ಸ್ವಲ್ಪ ‘ಪುಣ್ಯ’ ಬೆರೆಸಬೇಕು. ಏಕೆಂಬುದು ಅಕ್ಷರ ಬಿಡಿಸಿದರೆ ಗೊತ್ತಾಗುತ್ತದೆ. ಎಡಭಾಗ ದೇವರಿಗೆ ಅರ್ಪಣೆ ಸಲ್ಲಿಸುವ ಪೀಠದ ಗುರುತು, ಪೂಜೆ, ಪ್ರಾರ್ಥನೆ, ಪೂರ್ವಜರಿಗೆ ಸಂಬಂಧಿಸಿದ ಹಲವು ಅಕ್ಷರಗಳಲ್ಲಿ ಇದೇ ಭಾಗ ಬರುತ್ತದೆ. ಬಲಭಾಗ ಮೂಲದಲ್ಲಿ ತುಂಬಿದ ಪಾತ್ರೆಯ ಚಿತ್ರ, ‘ಫು’ ಎಂಬ ಉಚ್ಚಾರವನ್ನು ಸೂಚಿಸುವುದೂ ಅದೇ. ಕ್ರಿ.ಪೂ. 1200ರ ಸುಮಾರಿನಿಂದ ಚೀನಾದ ಶಾಂಗ್ ವಂಶದ ಅರಸರು ಎತ್ತಿನ ಎಲುಬು, ಆಮೆಯ ಚಿಪ್ಪುಗಳ ಮೇಲೆ ಕೊರೆಸಿದ ಬರಹಗಳಲ್ಲಿ ಇದರ ಹಳೆಯ ರೂಪಗಳಿವೆ. ಕೆಲವದರಲ್ಲಿ ಎರಡು ಕೈಗಳು ಮದ್ಯದ ಪಾತ್ರೆಯನ್ನು ಪೀಠದ ಮುಂದೆ ಎತ್ತಿ ಹಿಡಿದಿರುವುದು ಕಾಣುತ್ತದೆ. ಅಲ್ಲಿಗೆ ಫು ಎಂದರೆ ತುಂಬಿದ್ದನ್ನು ಮೇಲಿನವರಿಗೆ ಅರ್ಪಿಸುವುದು, ಅವರಿಂದ ಮರಳಿ ಬರುವ ತುಂಬು. ನಮ್ಮ ಪೂರ್ಣಕುಂಭಕ್ಕೂ ಇದಕ್ಕೂ ಕೊಡುಕೊಳ್ಳುವಿಕೆ ಏನೂ ಇಲ್ಲ, ಆದರೆ ಬಾಗಿಲಲ್ಲಿ ಖಾಲಿ ಕೊಡ ಕಂಡರೆ ಹಿಂಜರಿಯುವವರಿಗೆ ವಿವರಿಸುವ ಕಷ್ಟ ತಪ್ಪುತ್ತದೆ.

ಅದೇ ‘ತುಂಬಿದ ಪಾತ್ರೆ’ಯ ಮೇಲೆ ಸೂರು ಹೊದಿಸಿದರೆ ಸಿರಿವಂತಿಕೆ ಎಂಬ ಅಕ್ಷರ. ಅದರ ಉಚ್ಚಾರವೂ ಫು, ಆದರೆ ದನಿ ಬೇರೆ. ನಮ್ಮ ಫು ಅನ್ನು “ಹೌದಾ?” ಎಂದು ಕೇಳುವಾಗಿನಂತೆ ಏರುದನಿಯಲ್ಲಿ ಹೇಳಬೇಕು, ಸಿರಿಯ ಫು ಅನ್ನು “ಸಾಕು!” ಎಂದು ಗದರಿದ ಹಾಗೆ ಇಳಿದನಿಯಲ್ಲಿ. ಫೋನಿನಲ್ಲಿ ಟೈಪ್ ಮಾಡುವಾಗ ಎರಡೂ ಒಂದೇ ಪಟ್ಟಿಯಲ್ಲಿ ಬರುವುದರಿಂದ ಕಾರ್ಡ್ ಮುದ್ರಿಸುವವರು ಒಂದರ ಬದಲು ಇನ್ನೊಂದನ್ನು ಒತ್ತಿಬಿಡುತ್ತಾರೆ. ತಲೆಯ ಮೇಲೆ ಸೂರು ಕಂಡರೆ ಅದು ನಿಮ್ಮ ಅಕ್ಷರವಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಯೂನಿಕೋಡ್ ಸಂಖ್ಯೆಯಲ್ಲಿ ಇದರದ್ದನ್ನು, 798ಎಫ್ ಎಂದು ಹುಡುಕಿದರೆ ತಪ್ಪಾಗುವುದಿಲ್ಲ.

ಯೂಟ್ಯೂಬಿನಲ್ಲಿ ಸಿಗುವ ಜನಪ್ರಿಯ ವಿವರಣೆ ಇನ್ನೊಂದಿದೆ: ಬಲಭಾಗದಲ್ಲಿ ಮೇಲಿನಿಂದ ‘ಒಂದು’, ‘ಬಾಯಿ’, ‘ಹೊಲ’ ಎಂಬ ಮೂರು ಅಕ್ಷರಗಳು ಕಾಣುತ್ತವೆ, ಆದ್ದರಿಂದ ಒಂದೊಂದು ಬಾಯಿಗೂ ಒಂದು ಹೊಲವಿದ್ದರೆ ಅದೇ ಭಾಗ್ಯ ಎಂದು. ನೆನಪಿಡಲು ಇದು ಬಹಳ ಅನುಕೂಲ, ಬರೆಯುವಾಗ ನಾನೂ ಇದನ್ನೇ ಬಳಸಲು ಹೇಳುತ್ತೇನೆ. ಆದರೆ ಹುಟ್ಟು ಇದಲ್ಲ. ಪಾತ್ರೆಯ ಕತ್ತು ಬಾಯಿಯಾಗಿ, ಹೊಟ್ಟೆ ಹೊಲವಾಗಿ ಕಾಣತೊಡಗಿದ್ದು ಅಕ್ಷರ ಚೌಕಟ್ಟಾಗಿ ಮಾರ್ಪಟ್ಟ ಮೇಲೆ.

ಬುದ್ಧನ ಹೆಸರು ಇದಲ್ಲ. ಬುದ್ಧನಿಗೆ ‘ಫೊ’ ಎನ್ನುತ್ತಾರೆ, ಅದರ ಎಡಭಾಗದಲ್ಲಿ ಪೀಠವಲ್ಲ, ಮನುಷ್ಯನ ಗುರುತಿದೆ. ನಮ್ಮಲ್ಲಿ ಮಾರುವ ಡೊಳ್ಳುಹೊಟ್ಟೆಯ ‘ಲಾಫಿಂಗ್ ಬುದ್ಧ’ನ ಕೈಯಲ್ಲೋ ಚೀಲದ ಮೇಲೋ ಫು ಬರೆದಿರುವುದುಂಟು, ಗೊಂದಲ ಅಲ್ಲಿಂದ ಬಂದಿರಬೇಕು. (ಅವನು ಗೌತಮ ಬುದ್ಧನೂ ಅಲ್ಲ. ಬುದಾಯ್ ಎಂಬ ಚೀನಿ ಸನ್ಯಾಸಿ, ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನ ಅವತಾರ ಎಂದು ನಂಬಲಾದವನು.) ಆದರೂ ಪಕ್ಕದ ಮನೆಯವರ ಮಾತು ಪೂರ್ತಿ ಗಾಳಿಯದಲ್ಲ. ಬೌದ್ಧ ಸೂತ್ರಗಳನ್ನು ಚೀನಿಗೆ ತಂದವರು ನಮ್ಮ ‘ಪುಣ್ಯ’ ಎಂಬ ಪದಕ್ಕೆ ಈ ಅಕ್ಷರವನ್ನೇ ಬಳಸಿದರು. ‘ಪುಣ್ಯಕ್ಷೇತ್ರ’ ಅಲ್ಲಿ ‘ಫುತ್ಯೆನ್’, ಅಂದರೆ ಫು-ಹೊಲ. ನಾವು ಪುಣ್ಯಕ್ಷೇತ್ರ ಎಂದರೆ ಧರ್ಮಸ್ಥಳ, ಕಾಶಿ ಎಂದುಕೊಳ್ಳುತ್ತೇವೆ. ಬೌದ್ಧರಲ್ಲಿ ಅದು ದಾನ ಪಡೆಯುವವರಿಗೆ ಸಲ್ಲುವ ಮಾತು. ಭಿಕ್ಷುಸಂಘ ಒಂದು ಹೊಲ, ಕೊಟ್ಟದ್ದು ಬೀಜ, ಪುಣ್ಯ ಬೆಳೆ. ಗದ್ದೆಯ ಬದುಗಳಂತೆ ತುಂಡುಗಳನ್ನು ಜೋಡಿಸಿ ಹೊಲಿದ ಭಿಕ್ಷುವಿನ ಕಾಷಾಯಕ್ಕೆ ಚೀನಿಯಲ್ಲಿ ‘ಫು-ಹೊಲದ ಬಟ್ಟೆ’ ಎಂಬ ಹೆಸರೇ ಇದೆ.

ಭಾಗ್ಯ ಎಂದರೆ ಏನೇನು ಎಂದು ಚೀನಿಯರು ಬಹು ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ‘ಶಾಂಗ್‌ಷು’ ಎಂಬ ಪ್ರಾಚೀನ ಗ್ರಂಥದ ‘ಹೊಂಗ್‌ಫಾನ್’ ಅಧ್ಯಾಯದಲ್ಲಿ ಐದು ಫು ಬರುತ್ತವೆ: ದೀರ್ಘಾಯುಸ್ಸು, ಸಿರಿ, ಆರೋಗ್ಯ ಮತ್ತು ನೆಮ್ಮದಿ, ಸದ್ಗುಣದಲ್ಲಿ ಪ್ರೀತಿ, ಕೊನೆಯದು ಆಯುಸ್ಸು ಮುಗಿದು ಸಹಜವಾಗಿ ಬರುವ ಸಾವು. ಈ ಐದನೆಯದನ್ನು ಓದಿ ಹೊರಗಿನವರು ಬೆಚ್ಚುತ್ತಾರೆ. ‘ಅನಾಯಾಸೇನ ಮರಣಂ’ ಎಂದು ದೇವರಲ್ಲಿ ಬೇಡಿಕೊಳ್ಳುವ ಮನೆಯಲ್ಲಿ ಬೆಳೆದವರು ಬೆಚ್ಚಲಾರರು.

ಇಲ್ಲಿಂದ ಬಾವಲಿಗೆ ಬರಬೇಕು. ಬಾವಲಿ ಎಂಬ ಪದದ ಎರಡನೆಯ ಅಕ್ಷರದ ಉಚ್ಚಾರವೂ ಇದೇ ದನಿಯ ಫು. ಬಲಭಾಗ ಅದೇ ಪಾತ್ರೆ, ಎಡಕ್ಕೆ ಮಾತ್ರ ಹುಳುವಿನ ಗುರುತು. ನಮ್ಮಲ್ಲಿ ಬಾವಲಿ ಮನೆ ಹೊಕ್ಕರೆ ಶಾಂತಿ ಮಾಡಿಸುತ್ತಾರೆ, ಅಲ್ಲಿ ಪಿಂಗಾಣಿ ತಟ್ಟೆ, ರೇಷ್ಮೆ ನಿಲುವಂಗಿ, ಕುರ್ಚಿಯ ಬೆನ್ನು, ಎಲ್ಲೆಂದರಲ್ಲಿ ಬಾವಲಿ. ಐದು ಬಾವಲಿಗಳು ಸುತ್ತ ಹಾರುತ್ತ ನಡುವೆ ಆಯುಸ್ಸಿನ ಅಕ್ಷರವಿದ್ದರೆ ಮೇಲೆ ಹೇಳಿದ ಐದು ಭಾಗ್ಯ. ಬೀಜಿಂಗಿನಲ್ಲಿರುವ ರಾಜಕುಮಾರ ಗೊಂಗ್‌ನ ಮಹಲಿನಲ್ಲಿ ಬಾವಲಿ ಆಕಾರದ ಕೊಳವೇ ಇದೆ. ಕಾಂಗ್‌ಶಿ ಚಕ್ರವರ್ತಿ (ಆಳ್ವಿಕೆ 1661–1722) ಕೈಯಾರೆ ಬರೆದ ಫು ಅಕ್ಷರದ ಶಿಲೆ ಇರುವುದೂ ಆ ಮಹಲಿನ ತೋಟದ ಗುಹೆಯೊಳಗೆ. ಆ ಒಂದು ಅಕ್ಷರದ ತಿರುವುಗಳಲ್ಲಿ ‘ಬಹಳ’, ‘ಮಗ’, ‘ಪ್ರತಿಭೆ’, ‘ಹೊಲ’, ‘ಆಯುಸ್ಸು’ ಎಂಬ ಅಕ್ಷರಗಳೆಲ್ಲ ಅಡಗಿವೆ ಎಂದು ಗೈಡುಗಳು ಬೆರಳಿಟ್ಟು ತೋರಿಸುತ್ತಾರೆ. ಚಿಂಗ್ ವಂಶದ ಚಕ್ರವರ್ತಿಗಳು ವರ್ಷದ ಹನ್ನೆರಡನೆಯ ತಿಂಗಳಲ್ಲಿ ಫು ಬರೆದು ಅಧಿಕಾರಿಗಳಿಗೆ ಹಂಚುತ್ತಿದ್ದರು. ಆ ಕಾಗದ ಸಿಕ್ಕಿತೆಂದರೆ ದೊರೆಯ ಕೃಪೆಯಿದೆ ಎಂದರ್ಥ. ಈಗ ಆ ಜಾಗಕ್ಕೆ ಆ್ಯಪ್ ಬಂದಿದೆ. 2016ರಲ್ಲಿ ಮೊಬೈಲಿನಲ್ಲಿ ಹಣ ಪಾವತಿಸುವ ಆ್ಯಪಿನ ಅಲಿಪೇ ಕಂಪನಿ ಹೊಸ ವರ್ಷಕ್ಕೆ ಐದು ಫು ಕಾರ್ಡ್ ಕೂಡಿಸಿದವರಿಗೆ ಹಣ ಎಂದು ಸಾರಿತು. ಐದರಲ್ಲಿ ‘ವೃತ್ತಿನಿಷ್ಠೆಯ ಫು’ ಎಂಬುದು ಮಾತ್ರ ಬಹುತೇಕರಿಗೆ ಸಿಗದೆ ದೇಶವೇ ಪರದಾಡಿತು. ಕೊನೆಗೆ ಪೂರ್ತಿ ಮಾಡಿದವರಿಗೆ ತಲಾ 271.66 ಯುವಾನ್ ಬಂತು.

ದಿನದ ಮಾತಿನಲ್ಲಿ ಫು ಒಂಟಿಯಾಗಿ ಬರುವುದು ಕಡಿಮೆ, ಜೋಡಿಯಲ್ಲೇ ಹೆಚ್ಚು. ಸುಖಕ್ಕೆ ‘ಶಿಂಗ್‌ಫು’, ಹರಸುವುದಕ್ಕೆ ‘ಜುಫು’. ರುಚಿಯಾದ ಊಟ ಸಿಗುವ ಯೋಗ ‘ಬಾಯಿಯ ಫು’, ಚೆಂದದ್ದನ್ನು ನೋಡುವ ಯೋಗ ‘ಕಣ್ಣಿನ ಫು’. ಮನೆಮಂದಿಯೆಲ್ಲ ಒಟ್ಟಿಗೆ ನಿಂತು ತೆಗೆಸಿಕೊಂಡ ಫೋಟೋ ‘ಇಡೀ ಮನೆಯ ಫು’. “ಹೇಗಿದ್ದೀರಿ?” ಎಂದರೆ ವಯಸ್ಸಾದವರು “ತುವೊ ನಿನ್ ದ ಫು” ಎನ್ನುತ್ತಾರೆ, ನಾವು “ನಿಮ್ಮ ಪುಣ್ಯದಿಂದ ಚೆನ್ನಾಗಿದ್ದೀವಿ” ಎಂದ ಹಾಗೇ. ಒಂದು ಕಡೆ ಮಾತ್ರ ಹುಷಾರು. ‘ಫಾಫು’ ಎಂದರೆ ಅಕ್ಷರಶಃ ‘ಫು ಚಿಗುರಿತು’, ಆದರೆ ಹೇಳುವ ಅರ್ಥ ದಪ್ಪಗಾಗಿದ್ದೀರಿ ಎಂದು. ‘ಮೈಕೈ ತುಂಬಿಕೊಂಡಿದ್ದೀರಿ’ ಎಂಬ ನಮ್ಮ ನಯದ ಮಾತಿದು, ಇಲ್ಲೂ ತುಂಬಿದ ಪಾತ್ರೆಯೇ. ನಡುವಯಸ್ಸಿನವರಿಗೆ ನಗುತ್ತ ಹೇಳಬಹುದು, ಹುಡುಗಿಯರಿಗೆ ಹೇಳಬೇಡಿ. ಸರ್ಕಾರದ ಅಥವಾ ಕಂಪನಿಯ ಸವಲತ್ತಿಗೆ ‘ಫುಲಿ’ ಎನ್ನುತ್ತಾರೆ, ಫು ಜೊತೆಗೆ ಲಾಭ. ಅನ್ನಭಾಗ್ಯ, ಕ್ಷೀರಭಾಗ್ಯ ಎಂದು ಹೆಸರಿಟ್ಟ ನಮ್ಮವರ ತಲೆಯೂ ಅದೇ ದಾರಿಯಲ್ಲಿ ಓಡಿದೆ. ವಿದೇಶಿ ಹೆಸರುಗಳನ್ನು ಚೀನಿಗೆ ತರುವಾಗಲೂ ‘ಫ’ ದನಿ ಕಂಡಲ್ಲಿ ಇದನ್ನು ತೂರಿಸುತ್ತಾರೆ: ಫೋರ್ಡ್ ‘ಫುತ’, ಫ್ರಾನ್ಸಿನ ಸೂಪರ್‌ಮಾರ್ಕೆಟ್ ಕಂಪನಿ ಕ್ಯಾರಿಫೋರ್ ‘ಜ್ಯಾಲಫು’ (ಮನೆ, ನಲಿವು, ಫು). ಹೆಣ ಕೆಡದಂತೆ ಇಡುವ ಫಾರ್ಮಲಿನ್‌ಗೂ ಇದೇ ಅಕ್ಷರ ಹಾಕಿದ್ದಾರೆ, ಅಲ್ಲಿ ಯಾರ ಭಾಗ್ಯವೋ ಗೊತ್ತಿಲ್ಲ.

ಅಕ್ಷರ ಗಡಿ ದಾಟಿದಾಗ ಉಚ್ಚಾರ ಬದಲಾಗಿದೆ. ಜಪಾನಿನ ಫುಕುವೋಕಾ, ಫುಕುಶಿಮಾ ಊರುಗಳ ‘ಫುಕು’ ಇದೇ. ಕೊರಿಯನ್ ಧಾರಾವಾಹಿ ನೋಡುವವರು ಹೊಸ ವರ್ಷದ ದೃಶ್ಯದಲ್ಲಿ ಕೇಳುವ ‘ಬೊಕ್’ ಇದೇ. ವಿಯೆಟ್ನಾಮಿನ ಸರ್ಕಾರಿ ಕಾಗದಗಳ ತಲೆಯಲ್ಲಿ ‘ಸ್ವಾತಂತ್ರ್ಯ, ಮುಕ್ತಿ, ಸುಖ’ ಎಂಬ ಧ್ಯೇಯವಾಕ್ಯವಿದೆ, ಸುಖದ ‘ಫುಕ್’ ಇದೇ. ಚೀನಾದ ಫುಜ್ಯೆನ್ ಪ್ರಾಂತ್ಯದಿಂದ ಹೋಗಿ ಸಿಂಗಪುರದಲ್ಲಿ ನೆಲೆಸಿದವರು ‘ಹೊಕ್’ ಎನ್ನುತ್ತಾರೆ. ಅಲ್ಲಿರುವ ಕನ್ನಡಿಗರು ತೆಲೊಕ್ ಆಯರ್ ಬೀದಿಯ ತಿಯಾನ್ ಹೊಕ್ ಕೆಂಗ್ ದೇವಸ್ಥಾನದ ಫಲಕದಲ್ಲಿ, ಮೂರರಲ್ಲಿ ನಡುವಿನ ಅಕ್ಷರ ನೋಡಿದರೆ ಸಾಕು, ಕಿಟಕಿ ಗುರುತಿನಿಂದ ಹಿಡಿದುಬಿಡಬಹುದು.

ಬರೆಯುವ ಪ್ರಶ್ನೆ. ಖಂಡಿತ ಬರೆಯಬಹುದು, ಕೈಬರಹ ಕೊಟ್ಟರೆ ಮುದ್ರಿಸಿದ್ದಕ್ಕಿಂತ ಹೆಚ್ಚು ಬೆಲೆ. 30 ಸೆಂ.ಮೀ. ಚೌಕದ ಕೆಂಪು ಕಾಗದ ತೆಗೆದುಕೊಂಡು ಮೂಲೆ ಮೇಲೆ ಬರುವಂತೆ ಇಡಿ. ಹೀಗಿಟ್ಟಾಗ ಒಳಗೆ ನೆಟ್ಟಗಿನ ಚೌಕಕ್ಕೆ ಸಿಗುವುದು 21 ಸೆಂ.ಮೀ. ಮಾತ್ರ, ಅಂಚಿಗೆ ಜಾಗ ಬಿಟ್ಟರೆ ಅಕ್ಷರಕ್ಕೆ 16 ಸೆಂ.ಮೀ. ಸಾಕು. ಮಡಿಸಿ ಗೆರೆ ಮಾಡಬೇಡಿ, ಮಡಿಕೆಯಲ್ಲಿ ಮಸಿ ಹರಡುತ್ತದೆ. ಪೆನ್ಸಿಲಿನಿಂದ ತೆಳುವಾಗಿ ಗುರುತು ಹಾಕಿ: ಎಡಭಾಗಕ್ಕೆ ಸುಮಾರು 6, ಬಲಭಾಗಕ್ಕೆ 10 ಸೆಂ.ಮೀ. ಬಣ್ಣ ಕಪ್ಪು ಅಥವಾ ಚಿನ್ನದ್ದು. ಕುಂಚ ದುಂಡುತುದಿಯದಿರಲಿ, ಚಪ್ಪಟೆಯದು ಬೇಡ. ಪೋಸ್ಟರ್ ಕಲರ್ ಆದರೆ ದೋಸೆ ಹಿಟ್ಟಿನ ಹದ. ನೀರು ಮಜ್ಜಿಗೆಯ ಹದಕ್ಕೆ ಇಳಿದರೆ ಅಂಚುಗಳು ಒಸರುತ್ತವೆ. ನುಣುಪಾದ ಕಾಗದದ ಮೇಲೆ ಬಣ್ಣ ಮಣಿಮಣಿಯಾಗಿ ಒಡೆದರೆ ಬಣ್ಣಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸೇರಿಸಿ.

ಒಟ್ಟು 13 ಎಳೆತ. ಎಡಭಾಗ ನಾಲ್ಕು: ಮೇಲೆ ಒಂದು ಓರೆ ಚುಕ್ಕೆ, ಅದರ ಕೆಳಗೆ ಚಿಕ್ಕ ಅಡ್ಡಗೆರೆ ಎಳೆದು, ಕುಂಚ ಎತ್ತದೆ ಎಡಕ್ಕೆ ಕೆಳಗೆ ಜಾರಿಸುವುದು, ನಡುವಿನಿಂದ ನೇರ ಕೆಳಗೆ ಕಂಬ, ಕಂಬದ ಬಲಕ್ಕೆ ಒಂದು ಚಿಕ್ಕ ಚುಕ್ಕೆ. ಇಲ್ಲಿ ನಿಲ್ಲಬೇಕು. ಬಲಕ್ಕೆ ಇನ್ನೊಂದು ಗೀಟು ಹಾಕಿದರೆ ಪೀಠ ಹೋಗಿ ‘ಬಟ್ಟೆ’ಯ ಗುರುತಾಗುತ್ತದೆ. ಚೀನಿ ಮಕ್ಕಳು ಶಾಲೆಯಲ್ಲಿ ಅಂಕ ಕಳೆದುಕೊಳ್ಳುವುದೂ ಇಲ್ಲೇ. ಬಲಭಾಗ ಒಂಬತ್ತು. ಮೇಲೆ ಒಂದು ಅಡ್ಡಗೆರೆ. ಆಮೇಲೆ ಬಾಯಿ: ಎಡಗೋಡೆ, ಮೇಲ್ಗೆರೆ ಮತ್ತು ಬಲಗೋಡೆ ಒಂದೇ ಎಳೆತದಲ್ಲಿ, ಕೊನೆಗೆ ಕೆಳಗಿನ ಗೆರೆ. ಆಮೇಲೆ ಹೊಲ: ಎಡಗೋಡೆ, ಮೇಲ್ಗೆರೆ-ಬಲಗೋಡೆ, ಒಳಗಿನ ಅಡ್ಡಬದು, ಒಳಗಿನ ಉದ್ದಬದು, ಕೆಳಗಿನ ಗೆರೆ. ಜಪಾನೀಯರು ಉದ್ದಬದುವನ್ನು ಮೊದಲು ಎಳೆಯುತ್ತಾರೆ, ಅಂಥ ವಿಡಿಯೋ ನೋಡಿ ಗಾಬರಿಯಾಗಬೇಡಿ. ಹೊಸಬರ ಬರಹ ಕೆಡುವುದು ಬಾಯಿಯನ್ನು ಹೊಲದಷ್ಟೇ ದೊಡ್ಡದು ಮಾಡುವುದರಿಂದ. ಆಗ ಬಲಭಾಗ ಎರಡಂತಸ್ತಿನ ಮನೆಯಾಗಿ ಉದ್ದಕ್ಕೆ ಬೆಳೆದುಬಿಡುತ್ತದೆ. ಬಾಯಿ ಚಪ್ಪಟೆ, ಪುಟ್ಟದು. ಹೊಲ ಅಗಲ, ಎತ್ತರ. ಹಳೆ ಪೇಪರಿನ ಮೇಲೆ ಇಪ್ಪತ್ತು ಸಲ ಬರೆದು ಆಮೇಲೆ ಕೆಂಪು ಕಾಗದ ಮುಟ್ಟಿ. ಎಳೆದ ಗೆರೆಯ ಮೇಲೆ ಮತ್ತೆ ತಿದ್ದಬೇಡಿ, ಗೊತ್ತಿದ್ದವರಿಗೆ ಕೂಡಲೇ ಕಾಣುತ್ತದೆ.

ಆಗ್ನೇಯ ಮೂಲೆಯ ಮಾತಿಗೂ ಈ ಪದ್ಧತಿಗೂ ಸಂಬಂಧವಿಲ್ಲ. ಫು ಹೋಗುವುದು ಬಾಗಿಲಿಗೆ, ಬಾಗಿಲು ಯಾವ ದಿಕ್ಕಿಗಾದರೂ ಇರಲಿ. ಕಣ್ಣಿನ ಎತ್ತರಕ್ಕೆ, ಮರದ ಬಾಗಿಲಾದರೆ ಮೈದಾ ಅಂಟು ಹಚ್ಚಿ ಅಂಟಿಸಿ. ಗೋಂದಿನ ಟೇಪು ಬಿಸಿಲಿಗೆ ಬಣ್ಣ ಕಿತ್ತುಕೊಂಡು ಬರುತ್ತದೆ. ಮಳೆ ತಾಗುವ ಕಡೆ ಅಗ್ಗದ ಕೆಂಪು ಕಾಗದ ಬಣ್ಣ ಬಿಟ್ಟು ಗೋಡೆಗೆ ಇಳಿಯುತ್ತದೆ, ಅಲ್ಲಿ ಬಟ್ಟೆಯದು ಹಾಕಿ. ಫು ಬರೆದ ಕಾಲೊರಸು ಮಾರುತ್ತಾರೆ, ಕೊಳ್ಳಬೇಡಿ. ಪೀಠದ ಗುರುತಿರುವ ಅಕ್ಷರವನ್ನು ತುಳಿಯುವುದು ಅಲ್ಲಿನ ಹಿರಿಯರಿಗೂ ಒಗ್ಗುವುದಿಲ್ಲ. ವರ್ಷವಿಡೀ ಅಂಟಿಸಿಟ್ಟದ್ದನ್ನು ನಡುವೆ ಹರಿಯದೆ, ಹೊಸದು ಹಾಕುವ ದಿನ ಮನೆ ಗುಡಿಸಿ ಒರೆಸಿದ ಮೇಲೆ ತೆಗೆಯುವುದು ರೂಢಿ. 2027ರಲ್ಲಿ ಚೀನಿ ಹೊಸ ವರ್ಷ ಫೆಬ್ರವರಿ 6ಕ್ಕೆ ಬರುತ್ತದೆ. ಅಂಟಿಸುವುದು ಹಿಂದಿನ ದಿನವೇ ಆದ್ದರಿಂದ ಒಂದು ವಾರ ಮುಂಚೆ, ಮಡಿಸದೆ ಸುರುಳಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಡಿ. ಅದಕ್ಕೆ ಮೊದಲು ಒಂದು ಮಾತು ವಿಚಾರಿಸಿಕೊಳ್ಳಿ: ಆ ವರ್ಷ ಅವರ ಮನೆಯಲ್ಲಿ ಹಿರಿಯರು ಯಾರಾದರೂ ತೀರಿಕೊಂಡಿದ್ದರೆ ಬಾಗಿಲಿಗೆ ಕೆಂಪು ಕಾಗದ ಹಚ್ಚುವುದಿಲ್ಲ. ಹಾಗಿದ್ದರೆ ಕಾಗದ ಮುಂದಿನ ವರ್ಷಕ್ಕಿರಲಿ, ಈ ಸಲ ಹಣ್ಣು ಕೊಡಿ.